ದಾರಿದೀಪನ ಕಿವಿಯೊಳಗಿನ ಅಕ್ಕ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಕಡಲೆಕಾಳಿನಷ್ಟು ದಪ್ಪದ ಒಂದು ಕರೀ ಗುಂಡು. ಅದು ದಾರಿದೀಪನ ಎಡಗಿವಿಯಲ್ಲಿ ಕೂತಿರುತ್ತಿತ್ತು. ಹಾಸಿಗೆ ಅಂಗಡಿಯವರೆಲ್ಲ ಅದನ್ನು ಕಿವುಡರ ಮೆಷೀನು ಎಂದು ನಂಬಿದ್ದರು.

ದಾರಿದೀಪ ಆ ಅಂಗಡಿಯ ವ್ಯಾನು ಓಡಿಸುವವನು. ಎಂಥ ಸಂದಿಗೊಂದಿಯ ವಿಳಾಸ ಕೊಟ್ಟರೂ ಯಾರನ್ನೂ ಕೇಳದೆ ನೇರ ಹೊಸ್ತಿಲಿಗೇ ಹಾಸಿಗೆ ಮುಟ್ಟಿಸುತ್ತಿದ್ದುದರಿಂದ ಯಜಮಾನರೇ ಖುಷಿಯಾಗಿ ಇಟ್ಟ ಹೆಸರು ಅದು. ಊರಿನ ಅಷ್ಟೂ ಬೀದಿ, ಬೀದಿಯ ಅಷ್ಟೂ ಗುಂಡಿ, ಗುಂಡಿಯ ಅಷ್ಟೂ ಕಪ್ಪೆಗಳು ಅವನ ತಲೆಯೊಳಗಿವೆ ಎಂದು ಅವರು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದರು. ನಿಜ ಸಂಗತಿಯೆಂದರೆ ಅವನಂಥ ದಿಕ್ಕುಗೇಡಿ ಮನುಷ್ಯ ಏಳು ಸಮುದ್ರದ ಈಚೆ ಇನ್ನೊಬ್ಬ ಹುಟ್ಟಿರಲಿಲ್ಲ. ಸ್ವಂತ ಮನೆಯ ಬಚ್ಚಲಿಗೆಂದು ಹೊರಟವನು ಪಕ್ಕದ ಮನೆಯ ಅಡುಗೆಕೋಣೆಯಲ್ಲಿ ಟವೆಲ್ ಹೊದ್ದು ನಿಂತದ್ದೂ ಉಂಟು.

ಗುಟ್ಟು ಇದ್ದದ್ದು ಸೀಟಿನ ಕೆಳಗಿನ ತಿಂಡಿ ಡಬ್ಬಿಯಲ್ಲಿ. ಅದರೊಳಗೊಂದು ಹಳೆಯ ಜಿಪಿಎಸ್ ಪೆಟ್ಟಿಗೆ. ಅದರ ಬ್ಯಾಟರಿ ಮುದಿಯಾಗಿತ್ತು. ವ್ಯಾನಿನ ಸಿಗರೇಟ್ ಹಚ್ಚುವ ತೂತಿಗೆ ವೈರು ಚುಚ್ಚಿದ್ದರೆ ಮಾತ್ರ ಜೀವ, ಕಿತ್ತರೆ ನಾಲ್ಕೇ ನಿಮಿಷ. ಇನ್ನೊಂದು ವೈರು ಪೆಟ್ಟಿಗೆಯಿಂದ ಹೊರಟು ಅಂಗಿಯೊಳಗೆ ತೂರಿ, ಕಾಲರಿನ ಹಿಂದಿನಿಂದ ಕಿವಿಗೆ ಹತ್ತುತ್ತಿತ್ತು. ಪೆಟ್ಟಿಗೆಯೊಳಗಿನ ಹೆಂಗಸು "ಎಡಕ್ಕೆ ತಿರುಗಿ" ಎಂದರೆ ಎಡಕ್ಕೆ, "ಬಲಕ್ಕೆ" ಎಂದರೆ ಬಲಕ್ಕೆ. ಮನಸ್ಸಿನಲ್ಲೇ ಅವಳನ್ನು ಅಕ್ಕ ಎಂದು ಕರೆಯುತ್ತಿದ್ದ. ಗುಟ್ಟು ಗೊತ್ತಿದ್ದವಳು ಹೆಂಡತಿ ಒಬ್ಬಳೇ. "ನನ್ನ ಮಾತು ಹೀಗೆ ಒಂದಿನ ಕೇಳಿದ್ರೆ ನಾವು ಅರಮನೇಲಿರ್ತಿದ್ವಿ" ಎನ್ನುವಳು.

ಮೂರು ವರ್ಷ ಹೀಗೇ ನಡೆಯಿತು. ಕಿವುಡನೆಂದು ಎಲ್ಲರೂ ಅವನೊಡನೆ ಕಿರುಚಿ ಕಿರುಚಿ ಮಾತಾಡಿದ್ದಕ್ಕೆ ಅವನು ನಿಜಕ್ಕೂ ಕಿವುಡಾಗುವ ಹಂತಕ್ಕೆ ಬಂದಿದ್ದ. ಅಷ್ಟರಲ್ಲಿ ಯಜಮಾನರ ಅಳಿಯ ಹೊಚ್ಚಹೊಸ ಜಿಪಿಎಸ್ ಒಂದನ್ನು ತಂದು ಮೇಜಿನ ಮೇಲಿಟ್ಟ.

"ಮಾವ, ಇದು ಇದ್ರೆ ಸ್ಟೀರಿಂಗ್ ಹಿಡಿಯೋಕೆ ಬರೋ ಯಾರಾದ್ರೂ ಸಾಕು. ದಾರಿದೀಪನ್ನ ಗೋಡೌನಿಗೆ ಹಾಕಿ, ಹತ್ತಿ ಹಿಂಜ್ಲಿ."

ಹತ್ತಿಯ ಹೆಸರು ಕೇಳಿಯೇ ದಾರಿದೀಪನ ಮೂಗು ಕೆಂಪಾಯಿತು. ಒಂದು ಎಳೆ ಹತ್ತಿ ಹಾರಿ ಬಂದರೂ ನೂರೆಂಟು ಸೀನು ಸೀನುವ ಮೂಗು ಅದು. ಗೋಡೌನಿಗೆ ಹೋದರೆ ವಾರದೊಳಗೆ ಮುಖದಿಂದ ಮೂಗೇ ಉದುರಿಹೋಗುತ್ತದೆಂದು ಅವನಿಗೆ ಖಾತ್ರಿಯಿತ್ತು.

ಯಜಮಾನರು ಮೀಸೆ ತಿರುವಿದರು. "ನಮ್ಮ ದಾರಿದೀಪನ ತಲೆ ಮುಂದೆ ನಿನ್ನ ಡಬ್ಬಿ ಏನು ಮಹಾ. ಇವತ್ತು ಕಿವಿ ಡಾಕ್ಟ್ರಮ್ಮನ ಮನೆಗೆ ಮಂಚ, ಹಾಸಿಗೆ ಹೋಗ್ಬೇಕಲ್ಲ? ಮಂಚ ನೀನು ತಗೊಂಡು ಹೋಗು, ಹಾಸಿಗೆ ಅವನು ತರ್ತಾನೆ. ಯಾರು ಮೊದಲು ಮುಟ್ತಾರೋ ನೋಡೋಣ. ಅವನು ಸೋತ್ರೆ ನಾಳೆಯಿಂದ ಗೋಡೌನು." ಆಮೇಲೆ ದಾರಿದೀಪನ ಕಿವಿಗೆ ಬಾಯಿಟ್ಟು, ಮೂರು ಬೀದಿಗೆ ಕೇಳುವಂತೆ ಕೂಗಿದರು: "ನಾನೂ ನಿನ್ನ ವ್ಯಾನಲ್ಲೇ ಬರ್ತೀನಿ ಕಣಯ್ಯಾ."

ದಾರಿದೀಪ ಓಡಿಹೋಗಿ ಡಬ್ಬಿಯೊಳಗೆ ಬೆರಳಾಡಿಸಿ ವಿಳಾಸ ಒತ್ತಿ ಮುಚ್ಚುವಷ್ಟರಲ್ಲಿ ಯಜಮಾನರ ಪಾದ ಫುಟ್‌ಬೋರ್ಡಿನ ಮೇಲಿತ್ತು.

ಹೊರಟ ಮೇಲೆ ಒಂದು ವಿಚಿತ್ರ ನಡೆಯಿತು. ಮುಂದೆ ಅಳಿಯನ ವ್ಯಾನು, ಹಿಂದೆ ಇವನದು. ಅಳಿಯ ಎಡಕ್ಕೆ ತಿರುಗಿದರೆ ಇವನೂ ಎಡಕ್ಕೆ, ಅವನು ಬಲಕ್ಕೆ ಹೊರಳಿದರೆ ಇವನೂ ಬಲಕ್ಕೆ. ಎರಡೂ ಡಬ್ಬಿಗಳೊಳಗೆ ಒಬ್ಬಳೇ ಅಕ್ಕ ಇದ್ದರೆ ಇನ್ನೇನಾದೀತು. ಎರಡು ವ್ಯಾನುಗಳೂ ಒಂದೇ ರೈಲಿನ ಬೋಗಿಗಳಂತೆ ಓಡಿದವು.

"ಅವನ ಹಿಂದೇನೇ ಹೋಗ್ತಿದೀಯಲ್ಲಯ್ಯ" ಎಂದು ಯಜಮಾನರು ಕಿರುಚಿದರು.

"ಅವರೇ ನನ್ನ ಮುಂದೆ ಬರ್ತಿದಾರೆ ಯಜಮಾನ್ರೇ."

ಯಜಮಾನರಿಗೆ ಈ ಉತ್ತರ ಬಹಳ ಹಿಡಿಸಿತು. ಹಿಡಿಸಿದ ಖುಷಿಗೆ ಸೆಖೆಯಾಯಿತು. ಅವರ ಚೀಲದಲ್ಲಿ ಸದಾ ಒಂದು ಪುಟ್ಟ ಫ್ಯಾನು ಇರುತ್ತಿತ್ತು. "ಇದೇನಯ್ಯ ಸುಮ್ಮನೆ ಚುಚ್ಚಿಟ್ಟಿದೀಯ" ಎಂದು ಅಕ್ಕನ ವೈರನ್ನು ಕಿತ್ತು, ಆ ತೂತಿಗೆ ಫ್ಯಾನು ಸಿಕ್ಕಿಸಿಕೊಂಡರು. ನಾಲ್ಕು ನಿಮಿಷದ ಬಳಿಕ ಅಕ್ಕ "ಮುನ್ನೂರು ಮೀಟರ್ ಮುಂದೆ..." ಎಂದವಳು ಅಲ್ಲಿಗೇ ಉಸಿರು ನಿಲ್ಲಿಸಿದಳು.

ದಾರಿದೀಪನ ಬೆನ್ನಿನಲ್ಲಿ ಇಳಿದ ಬೆವರಿಗೆ ಒಂದು ಎಕರೆ ಗದ್ದೆ ನಾಟಿ ಮಾಡಬಹುದಿತ್ತು. ಮುಂದಿನ ವ್ಯಾನೊಂದೇ ಈಗ ಗತಿ ಎಂದು ಅದರ ಬಾಲ ಹಿಡಿದ. ಅದು ಒಂದು ಓಣಿಗೆ ನುಗ್ಗಿತು. ಇವನೂ ನುಗ್ಗಬೇಕು, ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಹಿಂದಿನ ಹಾಸಿಗೆಯ ಹೊಲಿಗೆಯಿಂದ ಒಂದು ಎಳೆ ಹತ್ತಿ ಹಾರಿ ಬಂದು ಮೂಗಿಗೆ ಹೊಕ್ಕಿತು. ಸೀನಿದ ರಭಸಕ್ಕೆ ಸ್ಟೀರಿಂಗು ಗಿರಕಿ ಹೊಡೆದು ವ್ಯಾನು ಎದುರು ಬೀದಿಗೆ ಹೊರಳಿತು. ಎರಡನೇ ಸೀನಿಗೆ ಇನ್ನೊಂದು ತಿರುವು. ಮೂರನೆಯದಕ್ಕೆ ಬ್ರೇಕು. ಕಣ್ಣು ಬಿಟ್ಟು ನೋಡಿದರೆ ಗೇಟಿನ ಮೇಲೆ ಕಿವಿಯ ಚಿತ್ರದ ಬೋರ್ಡು.

ಅಳಿಯ ನುಗ್ಗಿದ ಓಣಿಯ ಕೊನೆಗೆ, ಅಕ್ಕನಿಗೆ ಇನ್ನೂ ಸುದ್ದಿ ಮುಟ್ಟದ ಒಂದು ಹೊಸ ಗೋಡೆ ಎದ್ದಿತ್ತು. ಹಿಂದಕ್ಕೆ ಬರಲು ಅವನಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಬಂದಾಗ ಮಾವ ಗೇಟಿನಲ್ಲಿ ಆನೆ ಗೆದ್ದವರಂತೆ ನಿಂತಿದ್ದರು.

"ಮೊದಲು ಆ ಡಬ್ಬಿ ಬಾಯಿ ಮುಚ್ಚಿಸು. ವಾಪಸ್ ಹೋಗ್ತಾ ದಾರಿದೀಪನ ಹಿಂದೆ ಬಾ."

ಗೆದ್ದ ಸಂತೋಷದಲ್ಲಿ ಅವರಿಗೆ ಧರ್ಮಬುದ್ಧಿ ಉಕ್ಕಿತು. "ಡಾಕ್ಟ್ರಮ್ಮ, ಇಷ್ಟು ಒಳ್ಳೇ ತಲೆ ಪಕ್ಕದಲ್ಲಿ ಹಾಳು ಕಿವಿ ಇದೆ. ಸ್ವಲ್ಪ ನೋಡಿ."

ದಾರಿದೀಪ ಬೇಡ ಬೇಡವೆಂದರೂ ಡಾಕ್ಟರಮ್ಮ ಒಳಗೆ ಕೂರಿಸಿ ಬಾಗಿಲು ಹಾಕಿಕೊಂಡರು. ಕರೀ ಗುಂಡನ್ನು ಹಿಡಿದು ಎಳೆದರು. ಅದರ ಹಿಂದೆ ವೈರು ಬಂತು, ಇನ್ನೂ ಬಂತು, ಕಾಲರಿನಿಂದ, ಬೆನ್ನಿನಿಂದ, ಸೊಂಟದಿಂದ, ಗಾಳಿಪಟದ ದಾರದಂತೆ ಬರುತ್ತಲೇ ಇತ್ತು. ಕೊನೆಯಲ್ಲೊಂದು ಪಿನ್ನು.

"ಇದು ಹಾಡು ಕೇಳೋದು ಕಣಯ್ಯ."

ದಾರಿದೀಪ ಕೈ ಮುಗಿದು, ಅಕ್ಕನಿಂದ ಹತ್ತಿಯವರೆಗಿನ ಕತೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದ. "ಹೊರಗೆ ಗೊತ್ತಾದ್ರೆ ನನ್ನ ಮೂಗು ಉಳಿಯಲ್ಲ ಡಾಕ್ಟ್ರಮ್ಮ."

ಡಾಕ್ಟರಮ್ಮ ನಗು ತಡೆದುಕೊಂಡು ವೈರನ್ನು ಸುತ್ತಿ ಡ್ರಾಯರಿಗೆ ಹಾಕಿದರು. "ನಾನು ಸುಳ್ಳು ಹೇಳಲ್ಲ. ನಿಜಾನೇ ಹೇಳ್ತೀನಿ, ಪೂರ್ತಿ ಹೇಳಲ್ಲ. ಹೋಗು." ಹೊರಗೆ ಬಂದು ಯಜಮಾನರಿಗೆ ಹೇಳಿದರು: "ಕಿವಿ ಚೆನ್ನಾಗಿದೆ. ಇನ್ನು ಆ ಮೆಷೀನು ಬೇಡವೇ ಬೇಡ."

ಯಜಮಾನರು ಕಣ್ಣೊರೆಸಿಕೊಂಡರು. ದಾರಿದೀಪನೂ ಒರೆಸಿಕೊಂಡ, ಬೇರೆ ಕಾರಣಕ್ಕೆ. ಅಂಗಡಿ ಯಾವ ದಿಕ್ಕಿನಲ್ಲಿದೆ ಎಂಬುದರ ವಾಸನೆಯೂ ಅವನಿಗಿರಲಿಲ್ಲ.

"ನಡಿಯಪ್ಪ, ಹತ್ತಿರದ ದಾರೀಲಿ ಅಂಗಡಿಗೆ ಬಿಡು."

ದಾರಿದೀಪ ದೇವರ ಮೇಲೆ ಭಾರ ಹಾಕಿ ಎಡಕ್ಕೆ ತಿರುಗಿಸಿದ. ಆಮೇಲೆ ಮನಸ್ಸು ಬಂದಲ್ಲೆಲ್ಲ ತಿರುಗಿಸಿದ. ಹಿಂದೆ ಅಳಿಯನ ವ್ಯಾನು ತಬ್ಬಲಿ ಕರುವಿನ ಹಾಗೆ ಹಿಂಬಾಲಿಸಿತು. ಅರ್ಧ ಗಂಟೆಯಾದ ಮೇಲೆ ಎರಡೂ ವ್ಯಾನು ಒಂದು ಗೇಟಿನ ಮುಂದೆ ನಿಂತವು. ಗೇಟಿನ ಮೇಲೆ ಕಿವಿಯ ಚಿತ್ರ.

"ಇಲ್ಲಿಗ್ಯಾಕೆ ಬಂದ್ಯೋ?"

"ಮಂಚದ ತಿರುಪು ಬಿಗಿಯಾಗಿದೆಯೋ ಇಲ್ವೋ ನೋಡೋಣ ಅಂತ."

ಯಜಮಾನರು ಅವನ ನಿಷ್ಠೆ ಮೆಚ್ಚಿ ಬೆನ್ನು ತಟ್ಟಿದರು. ಮಲಗಿ ನೋಡುತ್ತಿದ್ದ ಡಾಕ್ಟರಮ್ಮನನ್ನು ಎಬ್ಬಿಸಿ ತಿರುಪು ಬಿಗಿದು ಮತ್ತೆ ಹೊರಟರು. ಮತ್ತೆ ಮುಕ್ಕಾಲು ಗಂಟೆ ಊರೆಲ್ಲ ಸುತ್ತಿ, ಸೇತುವೆ ಒಂದನ್ನು ಮೂರು ಸಲ ದಾಟಿ, ನಿಂತರು. ಕಿವಿಯ ಚಿತ್ರ.

ಹಿಂದಿನಿಂದ ಅಳಿಯ ಇಳಿದು ಬಂದ. "ಮಾವ, ಇದೇ ಗೇಟು."

"ಏನಯ್ಯ ಇದು?" ಎಂದು ಯಜಮಾನರು ತಣ್ಣಗೆ ಕೇಳಿದರು.

ದಾರಿದೀಪನಿಗೆ ತೋಚಿದ್ದು ಒಂದೇ. ಕಿವಿಗೆ ಅಂಗೈ ಹಿಡಿದ. "ಏನಂದ್ರಿ ಯಜಮಾನ್ರೇ? ದಾರೀಲಿ ಮತ್ತೆ ಕಿವಿ ಹೋಯ್ತು. ಅದಕ್ಕೇ ಡಾಕ್ಟ್ರಮ್ಮನ ಹತ್ರ ಬಂದೆ. ಆ ಮೆಷೀನು ಕೊಡ್ಸಿ."

ಎರಡನೇ ಸಲ ಹೊಸ ಹಾಸಿಗೆಯಿಂದೆದ್ದು ಬಂದ ಡಾಕ್ಟರಮ್ಮ ಎಲ್ಲ ಕೇಳಿಕೊಂಡು ಅವನನ್ನು ಒಳಗೆ ಕರೆದೊಯ್ದರು. ದಾರಿದೀಪ ಡ್ರಾಯರಿನ ಕಡೆ ಹುಬ್ಬಿನಲ್ಲೇ ಸನ್ನೆ ಮಾಡಿದ.

"ಕಿವಿ ಹೋಯ್ತಾ? ಹಾಗಾದ್ರೆ ಆ ಹಳೇದು ಸಾಲ್ದು" ಎಂದು ಕಪಾಟಿನಿಂದ ಕಿವುಡರ ಅಸಲಿ ಮೆಷೀನು ತೆಗೆದು, ಅವನ ಕಿವಿಗೆ ಸಿಕ್ಕಿಸಿ, ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದರು.

ಗೋಡೆಯ ಮೇಲೆ ಇರುವೆ ನಡೆಯುವ ಸದ್ದು ದಾರಿದೀಪನಿಗೆ ಕುದುರೆ ಸವಾರಿಯಂತೆ ಕೇಳಿಸಿತು. ಅದರ ನಡುವೆ, ಹೊರಜಗುಲಿಯಲ್ಲಿ ಯಜಮಾನರು ಅಳಿಯನೊಡನೆ ಪಿಸುಗುಟ್ಟಿದ್ದು ಗುಡುಗಿದಂತೆ ಬಂತು.

"ಪಾಪ, ಅವನಿಗೆ ಕೇಳ್ಸಲ್ಲ, ಮೆಲ್ಲಗೆ ಹೇಳ್ತೀನಿ. ಹೀಗೆ ಬಂದು ಹೋಗಿ ಮಾಡೋ ಕಿವಿಯೋನ ಕೈಲಿ ವ್ಯಾನು ಬೇಡಪ್ಪ, ಎಲ್ಲಾದ್ರೂ ಗುದ್ದಿಯಾನು. ನಾಳೆಯಿಂದ ಗೋಡೌನಲ್ಲಿ ಹತ್ತಿ ಹಿಂಜ್ಲಿ. ಅಲ್ಲಿ ಕಿವಿ ಬೇಕಾಗಿಲ್ಲ."

ಇವನ ವ್ಯಾನನ್ನು ಗೇಟಿನ ಬಳಿಯೇ ಬಿಟ್ಟು ಮೂವರೂ ಅಳಿಯನ ವ್ಯಾನು ಹತ್ತಿದರು. ದಾರಿದೀಪ ನಡುವೆ ಕೂತ. ಅಳಿಯ ಗಾಜಿಗೆ ಅಂಟಿಸಿದ್ದ ಜಿಪಿಎಸ್ಸಿನ ಗುಂಡಿ ಒತ್ತಿದ.

"ನೂರು ಮೀಟರ್ ಮುಂದೆ ಬಲಕ್ಕೆ ತಿರುಗಿ" ಎಂದಳು ಅಕ್ಕ.

ಮೂರು ವರ್ಷದಲ್ಲಿ ಅವಳ ದನಿ ಇಷ್ಟು ಚೆನ್ನಾಗಿ ಅವನಿಗೆ ಒಮ್ಮೆಯೂ ಕೇಳಿಸಿರಲಿಲ್ಲ.