ಫರಸಿಯ ಮೇಲಿನ ನಾಲ್ವರು ಹಿರಿಯರು

ಶಿವಕಾಂತಮ್ಮ: ಏಳ್ತೀರೋ ಇಲ್ಲೋ? ಹನ್ನೊಂದರ ಗಾಡಿಗಿ ಬೀಗರಾಗೋರು ಬರ್ತಾರ. ನೀವು ನೋಡಿದ್ರ ಹುಣಸಿಬೀಜದ ಜೋಡಿ ಮಾತಾಡ್ಕೋತ ಕುಂತೀರಿ!

ಗುರುಲಿಂಗಪ್ಪ: ಬೀಜ ಅನಬ್ಯಾಡ. ಕುಂಚಾವರಂ ಅಡವ್ಯಾಗ ಮೂರು ವರ್ಷ ತಪ್ಪಿಸ್ಕೊಂಡು ತಿರಿಗಿದ ಕಳ್ಳ ಅವ. ನಿನ್ನಿ ಸಿಕ್ಕಾನ. ವಿಚಾರಣಿ ನಡದದ.

ಶಿವಕಾಂತಮ್ಮ: ಅವನ ವಿಚಾರಣಿ ಇರಲಿ, ಮಗಳ ವಿಚಾರ ಯಾರು ಮಾಡೋರು?

ಗುರುಲಿಂಗಪ್ಪನವರು ಒಂದು ಸರಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ, ಮೈಸೂರು ರಾಜ್ಯದ ಹೆಸರು ಕರ್ನಾಟಕವೆಂದಾದ ವರ್ಷವೇ ಪೆನ್ಶನ್ ತೆಗೆದುಕೊಂಡು ಶಹಾಬಾದದ ಮನೆಗೆ ಬಂದವರು. ಬಂದವರು ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೂಡಬಾರದೇ? ನಡುಮನೆಯ ನೆಲಕ್ಕೆ ಹಾಸಿದ ಪಾಲಿಶ್ ಫರಸಿಕಲ್ಲಿನ ಮೇಲೆ ಸೀಮೆಸುಣ್ಣದಿಂದ ಕೋಟೆ, ಅಡವಿ, ಬಾವಿ, ಸಂತೆ ಎಲ್ಲ ಬರೆದು ಒಂದು ರಾಜ್ಯವನ್ನೇ ಕಟ್ಟಿಕೊಂಡರು. ಗಜ್ಜುಗ ರಾಜ, ಕೋಟಿನ ಗುಂಡಿ ವಜೀರ, ಸೀಸೆಯ ಬಿರಡೆ ಕೋತವಾಲ, ಹುಣಸೆಬೀಜ ಕಳ್ಳ. ನಾಲ್ವರ ಮಾತನ್ನೂ ನಾಲ್ಕು ದನಿಯಲ್ಲಿ ತಾವೇ ಆಡುತ್ತಾರೆ. ಮುಂದೇನಾಗಬೇಕೆಂಬುದನ್ನು ನಾಲ್ಕು ಕವಡೆ ಹೇಳುತ್ತವೆ. ಎದುರಿಗೆ ಆಡುವವರು ಯಾರೂ ಇಲ್ಲ. ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ. ಇದಕ್ಕೆ ಆಟವೆನ್ನಬೇಕೋ ರೋಗವೆನ್ನಬೇಕೋ, ನನಗಂತೂ ತಿಳಿಯದು.

ಶಿವಕಾಂತಮ್ಮ: ನಾಲವಾರದ ಚಂದ್ರಾಮಪ್ಪನೋರು ಏನಂತ ಕಾಗದ ಬರದಾರ? 'ನಮ್ಮ ಕಡೆ ನಾಕು ಮಂದಿ ಹಿರೇರು ಬರ್ತೀವಿ, ನಿಮ್ಮ ಕಡೇನೂ ನಾಕು ಮಂದಿ ಕುಂದರಲಿ, ಹಿರೇರಿಲ್ಲದ ಮನ್ಯಾಗ ನಾವು ಮಾತು ಮುಗಸೂದಿಲ್ಲ' ಅಂದಾರ. ಎಲ್ಲ್ಯಾರ ನಾಕು ಮಂದಿ?

ಗುರುಲಿಂಗಪ್ಪ: ಸೇಡಂದಾಗ ಅಣ್ಣ ಇದ್ದಾನಲ್ಲ.

ಶಿವಕಾಂತಮ್ಮ: ಹೊಲದ ಬದುವಿನ ಜಗಳದಾಗ ನಿಮ್ಮ ಮಾರಿ ನೋಡೂದಿಲ್ಲಂತ ಆಣಿ ಹಾಕ್ಯಾನ ಅವ.

ಗುರುಲಿಂಗಪ್ಪ: ನಿನ್ನ ತಮ್ಮಗ ಹೇಳು ಮತ್ತ.

ಶಿವಕಾಂತಮ್ಮ: ಬರ್ತಿದ್ದ ಪಾಪ! ಹೋದ ಸಲ ಬಂದಾಗ ನಿಮ್ಮ ಬಿರಡಿ ಎತ್ತಿ ಎಣ್ಣಿ ಸೀಸಾಕ್ಕ ಹಾಕಿದ ಅಂತ ನೀವೇ ಅವನ ಜೋಡಿ ಮಾತು ಬಿಟ್ರಿ.

ಗುರುಲಿಂಗಪ್ಪ: ಬಿರಡಿ ಅಲ್ಲ, ಕೋತವಾಲ. ಡ್ಯೂಟಿ ಮ್ಯಾಲಿದ್ದ ಅಧಿಕಾರೀನ್ನ ಎಣ್ಯಾಗ ಮುಳುಗಿಸಿದ್ರ ಹ್ಯಾಂಗ ಸಹಿಸ್ಲಿ?

ಶಿವಕಾಂತಮ್ಮ: (ಸೆರಗಿನಿಂದ ಕಣ್ಣೊರೆಸಿಕೊಂಡು) ಎರಡು ಸಂಬಂಧ ಹಿಂಗೇ ಬಂದು ಹಿಂಗೇ ಹೋದ್ವು. ನಮ್ಮ ಶರಣಮ್ಮ ಚಂದ್ರಾಮಪ್ಪನೋರ ಮಗನ ಫೋಟೋ ತಲದಿಂಬಿನ ಕೆಳಗ ಇಟ್ಕೊಂಡಾಳ. ಇದೂ ಹೋಯ್ತಂದ್ರ ಆಕಿ ಮಾರಿ ಹ್ಯಾಂಗ ನೋಡ್ಲಿ? ಓಣ್ಯಾಗರ ಹೋಗಿ ಹಣಮಪ್ಪ ಕಾಕಾನ್ನ, ಭಗವಂತರಾಯನ್ನ ಕೈ ಮುಗದು ಕರಕೊಂಡು ಬರ್ರಿ. ಕಾಲ ಬೀಳ್ತೀನಿ ನಿಮ್ಮ.

ಗುರುಲಿಂಗಪ್ಪ: ಹೋಗ್ತಿದ್ದೆ. ಏಳಲಿಕ್ಕ ಬರಂಗಿಲ್ಲ. ದರಬಾರ ನಡದಾಗ ಯಾರೂ ಏಳಬಾರದಂತ ಕಾಯ್ದೆ ಅದ.

ಶಿವಕಾಂತಮ್ಮ: ಯಾರು ಮಾಡಿದ ಕಾಯ್ದೆ?

ಗುರುಲಿಂಗಪ್ಪ: ನಾನೇ.

ಶಿವಕಾಂತಮ್ಮ: ಹಂಗಾರ ಮುರೀರಿ!

ಗುರುಲಿಂಗಪ್ಪ: ಮಾಡಿದಾಗ ರಾಜ ಇದ್ದೆ. ಈಗ ವಜೀರ ಇದ್ದೀನಿ. ವಜೀರ ಕಾಯ್ದೆ ಮುರದ್ರ ನೌಕರಿ ಹೋಗ್ತದ. ಒಂದು ತಾಸು ರಜಾ ಬೇಕಂತ ರಾಜಗ ಅರ್ಜಿ ಹಾಕೀನಿ.

ಶಿವಕಾಂತಮ್ಮ: ರಾಜ ಯಾರು?

ಗುರುಲಿಂಗಪ್ಪ: ಅವನೂ ನಾನೇ.

ಶಿವಕಾಂತಮ್ಮ: ಮತ್ತ ರಜಾ ಕೊಡಲಿಕ್ಕ ಏನು ಧಾಡಿ ನಿಮಗ?

ಗುರುಲಿಂಗಪ್ಪ: ರಾಜ ಬ್ಯಾಟಿಗಿ ಹೋಗ್ಯಾನ. ನಾಕೂ ಕವಡಿ ಅಂಗಾತ ಬಿದ್ರ ತಿರಿಗಿ ಬರ್ತಾನ. ಮುಂಜಾನಿಂದ ಒಗೀಲಿಕತ್ತೀನಿ, ಮೂರಕ್ಕೇ ನಿಂದರ್ತಾವ.

ಶಿವಕಾಂತಮ್ಮ ಬಾಗಿ, ಬೋರಲು ಬಿದ್ದಿದ್ದ ನಾಲ್ಕನೆಯ ಕವಡೆಯನ್ನು ಬೆರಳಿಂದ ಮಗುಚಿದರು.

ಶಿವಕಾಂತಮ್ಮ: ಹಾಂ, ಬಂದ ನೋಡ್ರಿ ರಾಜ. ಏಳ್ರಿ.

ಗುರುಲಿಂಗಪ್ಪ: ಅಯ್ಯಯ್ಯೋ! ರಿಕಾರ್ಡ ತಿದ್ದಿದಿ! ಮೂವತ್ತು ವರ್ಷದ ಸರ್ವಿಸಿನ್ಯಾಗ ಇಂಥಾದ್ದು ಕಂಡಿದ್ದಿಲ್ಲ!

ಶಿವಕಾಂತಮ್ಮ: ಮೂವತ್ತು ವರ್ಷ ಬಂದ ಮಂದೀಗೆಲ್ಲ 'ನಾಳಿ ಬರ್ರಿ, ಸಾಹೇಬ್ರಿಲ್ಲ' ಅಂದ್ರಿ. ಈಗ ಅನ್ನಲಿಕ್ಕ ಮಂದಿ ಸಿಗವಲ್ರು, ಅದಕ್ಕ ನಿಮಗ ನೀವೇ ಅನ್ಕೋಲಿಕತ್ತೀರಿ! ಊರಿಗುಪಕಾರಿ ಮನೀಗಿ ಮಾರಿ ಅಂತಾರ. ನೀವು ಇಲ್ಲದ ಊರಿಗಿ ಉಪಕಾರಿ!

ಮಾತು ನಾಟಿತು. ನಾಟಿದ್ದನ್ನು ತೋರಿಸಿಕೊಳ್ಳುವ ಗಂಡಸು ಎಲ್ಲಿದ್ದಾನೆ? ಗುರುಲಿಂಗಪ್ಪನವರು ಕವಡೆಯನ್ನು ಮತ್ತೆ ಬೋರಲು ಹಾಕಿ, ಗಂಟಲು ಸರಿಮಾಡಿಕೊಂಡು ದರಬಾರಿಗೆ ಮರಳಿದರು. ಶಿವಕಾಂತಮ್ಮ ನಡುಮನೆಯ ಬಾಗಿಲು ಮುಂದೆ ಮಾಡಿ ಹೊರಗೆ ಬಂದರು. ತಾವೇ ಹೋಗಿ ಹಣಮಪ್ಪನನ್ನು ಕರೆತರುವುದೆಂದು ತಲೆಬಾಗಿಲು ತೆರೆದರೆ, ಕಟ್ಟೆಯ ಮೇಲೆ ರುಮಾಲಿನ ಮುದುಕರೊಬ್ಬರು ಕೊಡೆ ಹಿಡಿದುಕೊಂಡು ಕುಳಿತಿದ್ದರು. ಹುಡುಗನ ತಂದೆ ಚಂದ್ರಾಮಪ್ಪ!

ಚಂದ್ರಾಮಪ್ಪ: ಶರಣರಿ ತಾಯಿ. ಒಂಬತ್ತರ ಗಾಡಿ ಸಿಕ್ತು, ಬಂದ್ಬಿಟ್ಟೆ. ಒಳಗ ಹಿರೇರು ಮಾತಾಡಾಕತ್ತಾರ, ನಡುವ ಹೋಗೂದು ಬ್ಯಾಡಂತ ಇಲ್ಲೇ ಕುಂತೆ.

ಶಿವಕಾಂತಮ್ಮ: (ಬೆವರೊರೆಸಿಕೊಂಡು) ಹಿ... ಹಿರೇರಾ?

ಒಳಗಿನಿಂದ ದಪ್ಪ ದನಿ: ಖರೇ ಹೇಳು! ಯಾಕ ಕದ್ದಿ?

ಅಳುವ ದನಿ: ಮಕ್ಕಳು ಉಪವಾಸ ಇದ್ವು ಧಣಿ. ಕೆಲಸ ಕೇಳಿದ್ರ ಯಾರೂ...

ದಪ್ಪ ದನಿ: ಸಾಕು ಮಾಡೋ!

ಸಣ್ಣ ದನಿ: ಕೋತವಾಲರ, ಅವನ ಮಾತು ಪೂರಾ ಮುಗೀಲಿ. ಆಮ್ಯಾಲ ನೀವು ಹೇಳ್ರಿ.

ಚಂದ್ರಾಮಪ್ಪ: ಕೇಳಿದ್ರೇನ್ರಿ? ಎಂಥಾ ಹಿರೇರು! ಕಳ್ಳನ ಮಾತೂ ಪೂರಾ ಕೇಳ್ತಾರ. ನಮ್ಮೂರ ಪಂಚಾಯ್ತ್ಯಾಗ ಸಾವಕಾರಂದೂ ಕೇಳಂಗಿಲ್ಲ. ಇಂಥ ಮನೀಗಿ ಸಂಬಂಧ ಆಗ್ಬೇಕಂದ್ರ ಪುಣ್ಯ ಬೇಕು. ಜರಾ ಕಂಡು ಕಾಲಿಗಿ ಬೀಳ್ತೀನಿ.

ಶಿವಕಾಂತಮ್ಮ: ತಡೀರಿ! ಹೇಳಿ ಬರ್ತೀನಿ!

ಓಡಿ ಒಳಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

ಶಿವಕಾಂತಮ್ಮ: (ಪಿಸುದನಿಯಲ್ಲಿ) ರೀ, ಮಾತಾಡ್ರಿ! ನಾಕೂ ಮಂದಿ ಮಾತಾಡ್ರಿ, ಜೋರಾಗಿ! ಅವರು ಹೊರಗ ಬಂದಾರ, ಮೆಚ್ಚ್ಯಾರ!

ಗುರುಲಿಂಗಪ್ಪ: ಈಗ ಆಗಂಗಿಲ್ಲ. ದರಬಾರಕ್ಕ ಚಹಾದ ಸೂಟಿ. ಸೂಟ್ಯಾಗ ಬಾಯಿ ಬಿಡಂಗಿಲ್ಲ, ಏಳಂಗೂ ಇಲ್ಲ.

ಶಿವಕಾಂತಮ್ಮ: ನಿಮ್ಮ ಸೂಟಿಗಿ ಬೆಂಕಿ ಹಚ್ಚ!

ಬಾಗಿಲು ಅಲುಗಿತು. ಚಂದ್ರಾಮಪ್ಪ ತಲೆಬಾಗಿ ಒಳಗೆ ಬಂದು, ಯಾರ ಕಾಲಿಗೆ ಮೊದಲು ಬೀಳಬೇಕೆಂದು ಸುತ್ತ ನೋಡಿದರು. ಒಬ್ಬ ಮನುಷ್ಯ, ಒಂದು ಗಜ್ಜುಗ, ಒಂದು ಗುಂಡಿ, ಒಂದು ಬಿರಡೆ, ಒಂದು ಹುಣಸೆಬೀಜ, ನಾಲ್ಕು ಕವಡೆ.

ಚಂದ್ರಾಮಪ್ಪ: ಉಳಿದವರು?

ಆಗ ಗುರುಲಿಂಗಪ್ಪನವರು ಎದ್ದರು. ರಾಜನ ಅಪ್ಪಣೆ ಬಂದಿರಲಿಲ್ಲ, ಕವಡೆ ಬಿದ್ದಿರಲಿಲ್ಲ. ಎದ್ದು ಕೈ ಮುಗಿದರು.

ಗುರುಲಿಂಗಪ್ಪ: ಉಳಿದವರೂ ನಾನೇರಿ. ಮನ್ಯಾಗ ಹಿರೇರು ಯಾರೂ ಇಲ್ಲ. ಇದ್ದವರನ್ನೆಲ್ಲ ಜಗಳಾಡಿ ಕಳಕೊಂಡೀನಿ. ಹುಚ್ಚ ಅನ್ರಿ, ಏನರ ಅನ್ರಿ, ನನಗ ಅನ್ರಿ. ಹುಡುಗೀದು ಏನೂ ತಪ್ಪಿಲ್ಲ. ಆಕೀನ್ನ ಬ್ಯಾಡ ಅನಬ್ಯಾಡ್ರಿ.

ಶಿವಕಾಂತಮ್ಮನ ಕಣ್ಣು ತುಂಬಿತು. ಆದರೂ ಹೆಂಗಸಿನ ಕಣ್ಣು ನೋಡಿ, ತುಂಬಿದಾಗಲೂ ಲೆಕ್ಕ ತಪ್ಪದು.

ಶಿವಕಾಂತಮ್ಮ: ಅಲ್ರೀ ಅಣ್ಣಾರ, ನಾಕು ಮಂದಿ ಬರ್ತೀವಂತ ಬರದಿದ್ರಿ. ಕಟ್ಟಿ ಮ್ಯಾಲ ನೀವು ಒಬ್ಬರೇ ಇದ್ರಲ್ಲ?

ಚಂದ್ರಾಮಪ್ಪ: ಹಿಂದ ಟೇಷನ್ನಾಗ... (ಕೆಮ್ಮಿದರು. ಕೊಡೆಯನ್ನು ಮೂಲೆಗಿಟ್ಟರು.) ಸುಳ್ಳು ಯಾಕ ಹೇಳ್ಲಿ ತಾಯಿ, ಒಬ್ಬನೇ ಬಂದೀನಿ. ಮೂರು ಮಂದಿ ತಮ್ಮಂದಿರು, ಒಬ್ಬ ಏರಿದ ಗಾಡಿ ಇನ್ನೊಬ್ಬ ಏರಂಗಿಲ್ಲ. ಹಂಗ ಜೋರಾಗಿ ಬರದ್ರ ನೀವೇ ಅಂಜಿ, 'ಹಿರೇರ ಮಾತು ಬಿಡ್ರಿ, ನಾವು ನಾವೇ ಮುಗಸೋಣ' ಅಂತೀರಿ ಅನ್ಕೊಂಡಿದ್ದೆ.

ಚಂದ್ರಾಮಪ್ಪ ಸೀಮೆಸುಣ್ಣದ ಕೋಟೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು.

ಚಂದ್ರಾಮಪ್ಪ: ಆದ್ರ ಹಿರೇರಿಲ್ಲದ ಮಾತು ಮುಗೀಬಾರದು, ಪದ್ಧತಿ ಅಂದ್ರ ಪದ್ಧತಿ. ಗುರುಲಿಂಗಪ್ಪನೋರ, ನಿಮ್ಮ ಕಡೆ ನಾಕು ಮಂದಿ ಅದಾರ. ಇಬ್ಬರನ್ನ ನಮ್ಮ ಕಡೆ ಕೊಡ್ರಿ.

ಗುರುಲಿಂಗಪ್ಪನವರ ಮುಖ ಅರಳಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಫರಸಿಯ ಆಚೆ ಬದಿಗೆ ಒಬ್ಬರು ಕುಳಿತಿದ್ದರು.

ಗುರುಲಿಂಗಪ್ಪ: ರಾಜ ನಮ್ಮ ಕಡೆ ಇರಲಿ, ಹೆಣ್ಣಿನ ಕಡೇಗಿ ತೂಕ ಬೇಕು. ವಜೀರನ್ನ ನೀವು ಒಯ್ರಿ, ಶಾಣ್ಯಾ ಮನುಷ್ಯ. ಇನ್ನೊಬ್ಬ, ಕೋತವಾಲನ್ನ...

ಶಿವಕಾಂತಮ್ಮ: ಏ, ಕೋತವಾಲನ್ನ ಕೊಡಬ್ಯಾಡ್ರಿ, ನಮಗೇ ಬೇಕಾಗ್ತಾನ. ಕಳ್ಳನ್ನ ಕೊಡ್ರಿ ಅವರಿಗಿ. ಇನ್ನ ವರದಕ್ಷಿಣಿ ಮಾತು ಬರೂದದ, ಗಂಡಿನ ಕಡೆ ಅವ ಇಲ್ಲದಿದ್ರ ಹ್ಯಾಂಗ?