ದೊಡ್ಡಪ್ಪನ ತಕರಾರು

ನಮ್ಮ ದೊಡ್ಡಪ್ಪನನ್ನು ಕೇಳದೆ ಈ ದೇಶಕ್ಕೆ ಯಾವ ಹೊಸ ವಸ್ತುವೂ ಬಂದಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಲೂ ಬೇಡಿ. ಅವರು ಬೇಡವೆಂದರೂ ಎಲ್ಲವೂ ಬಂದವು. ಆದರೆ ಜಂಗಮಕೋಟೆಯ ಪಕ್ಕದ ನಮ್ಮೂರಿಗೆ ಬಂದ ಒಂದೊಂದೂ ಅವರ ಜಗಲಿಯ ಮುಂದೆ ನಿಂತು ಬೈಸಿಕೊಂಡೇ ಒಳಗೆ ಬರಬೇಕಿತ್ತು!

ಶಿಡ್ಲಘಟ್ಟಕ್ಕೆ ಆಗಷ್ಟೇ ಬ್ಲಾಕ್ ಆಫೀಸು ಬಂದಿದ್ದ ಕಾಲ. ನಾನು ಅಲ್ಲಿ ಗ್ರಾಮಸೇವಕ. ಎಂದರೆ, ಸರ್ಕಾರ ಹೊಸದಾಗಿ ಏನನ್ನು ತಂದರೂ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಹಳ್ಳಿಯವರ ತಲೆಗೆ ಕಟ್ಟುವುದು ನನ್ನ ಕೆಲಸ. ಅದು ಬರಕೂಡದು ಎನ್ನುವುದು ದೊಡ್ಡಪ್ಪನ ಕೆಲಸ. ನನಗೆ ಸಂಬಳವಿತ್ತು, ಅವರಿಗಿರಲಿಲ್ಲ. ಆದರೂ ನನಗಿಂತ ಶ್ರದ್ಧೆಯಿಂದ ದುಡಿಯುತ್ತಿದ್ದವರು ಅವರೇ. ಹೊಸ ವಸ್ತುವಿನಿಂದ ಸಮಾಜಕ್ಕೆ ಏನೇನು ಕೇಡು ಎಂದು ಹೋಗಿಬರುವವರನ್ನೆಲ್ಲ ವಿಚಾರಿಸಿ, ಅಳೆದು ಸುರಿದು, ಬಿ.ಡಿ.ಓ. ಸಾಹೇಬರ ಎದುರು ನಿಂತು ಬಾಯಿಮಾತಿನಲ್ಲೇ ವರದಿ ಒಪ್ಪಿಸುತ್ತಿದ್ದರು. ಸಾಹೇಬರು ಕೇಳಿದ್ದರೇ? ಛೆ! ಕೇಳದೆ ಕೊಟ್ಟರೆ ಮಾತ್ರ ಅದು ಸಲಹೆ, ಕೇಳಿದ ಮೇಲೆ ಕೊಟ್ಟರೆ ಬರೀ ಉತ್ತರ ಎಂದು ಅವರ ವಾದ.

ಊರಿಗೆ ಬಸ್ಸು ಬಂತು. ಇನ್ನು ನಂಟರು ಹೇಳದೆ ಕೇಳದೆ ಬಂದಿಳಿಯುತ್ತಾರೆ, ಬಂದವರು ಕಡೇ ಬಸ್ಸು ತಪ್ಪಿತೆಂದು ಉಳಿದುಬಿಡುತ್ತಾರೆ, ರಾಗಿ ಕಣಜ ಬರಿದಾಗುತ್ತದೆ ಎಂದು ದೊಡ್ಡಪ್ಪ ಲೆಕ್ಕ ಹಾಕಿದರು. ಇದನ್ನು ಬಿ.ಡಿ.ಓ.ಗಿಂತ ಮೇಲಿನ ದೊಡ್ಡ ಸಾಹೇಬರಿಗೇ ಮುಟ್ಟಿಸಬೇಕೆಂದು ಚಿಕ್ಕಬಳ್ಳಾಪುರಕ್ಕೆ ಹೊರಟರು. ಹೇಗೆ? ಬಸ್ಸಿನಲ್ಲೇ! ಇದೇನು ದೊಡ್ಡಪ್ಪ ಎಂದು ಕೇಳಿದ್ದಕ್ಕೆ, ನಡೆದುಕೊಂಡು ಹೋಗುವಷ್ಟರಲ್ಲಿ ಸಾಹೇಬರು ಊಟಕ್ಕೆ ಎದ್ದಿರುತ್ತಾರೆ ಎಂದರು. ಸಾಹೇಬರು ಊಟಕ್ಕೆ ಎದ್ದೇ ಇದ್ದರಂತೆ, ಅದು ಬೇರೆ ಮಾತು.

ಆಮೇಲೆ ಪಂಚಾಯ್ತಿ ಕಟ್ಟೆಗೆ ರೇಡಿಯೋ ಬಂತು. ದೊಡ್ಡಪ್ಪ ಅದರ ಎದುರು ಕೂತು ಕೃಷಿಯ ಮಾತುಗಳನ್ನು ಕೇಳಿದರು, ನಡುನಡುವೆ ತಮ್ಮ ಅನುಮಾನಗಳನ್ನೂ ಅದಕ್ಕೆ ಹೇಳಿದರು. ಅದು ಉತ್ತರ ಕೊಡಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಹೇಳಿದರು. ಅದು ಗೊಬ್ಬರದ ವಿಷಯ ಬಿಟ್ಟು ಪಿಟೀಲು ಬಾರಿಸತೊಡಗಿತು. ಮಾರನೆಯ ದಿನವೇ ವರದಿ ಸಿದ್ಧ.

"ಸ್ವಾಮಿ, ಅದಕ್ಕೆ ಬಾಯಿ ಐತೆ, ಕಿವಿ ಇಲ್ಲ. ಸರ್ಕಾರದ್ದೇ ಅಂತ ನೋಡ್ತಿದ್ದಂಗೆ ಗೊತ್ತಾಯ್ತು" ಎಂದು ಬಿ.ಡಿ.ಓ. ಸಾಹೇಬರಿಗೆ ಹೇಳಿ ಬಂದರು. ಸಾಹೇಬರು ಆ ವಾರವೆಲ್ಲ ನನ್ನನ್ನು ಮಾತಾಡಿಸಲಿಲ್ಲ.

ಹಿಟ್ಟಿನ ಮಿಲ್ಲಿನ ಮೇಲೆ ಮಾತ್ರ ಅವರಿಗೆ ವಿಶೇಷ ಕೋಪ. ಬೆಳಗಿನ ಜಾವ ರಾಗಿ ಬೀಸುವ ಕೆಲಸ ತಪ್ಪಿದರೆ ಹೆಂಗಸರಿಗೆ ಬಿಡುವು ಸಿಗುತ್ತದೆ, ಬಿಡುವು ಸಿಕ್ಕರೆ ಗಂಡಂದಿರ ತಪ್ಪುಗಳನ್ನು ಕೂತು ಯೋಚಿಸುತ್ತಾರೆ, ಅಲ್ಲಿಗೆ ಸಂಸಾರ ಮುಗಿಯಿತು ಎಂದು ಜಗಲಿ ತುಂಬ ಜನರ ಮುಂದೆ ಸಾರಿದರು. ಒಳಗಿನಿಂದ ದೊಡ್ಡಮ್ಮನ ದನಿ ಬಂತು.

"ಅದಕ್ಕೆ ಮಿಲ್ಲು ಯಾಕೆ ಬೇಕು? ಬೀಸ್ತಾ ಬೀಸ್ತಾನೇ ಎಲ್ಲಾ ಯೋಚ್ನೆ ಮಾಡಿ ಮುಗ್ಸಿದೀನಿ."

ಇಂಥವರಿರುವ ಊರಿಗೆ ಒಂದು ದಿನ ಮಲೇರಿಯಾದವರು ಬಂದರು. ಬೆನ್ನಿಗೆ ಪಂಪು, ಡಬ್ಬಿಯಲ್ಲಿ ಡಿ.ಡಿ.ಟಿ. ಪುಡಿ. ಆ ವರ್ಷ ಊರಲ್ಲಿ ಚಳಿಜ್ವರ ಜೋರಾಗಿತ್ತು, ಒಂದೊಂದು ಬೀದಿಯಲ್ಲೂ ಕಂಬಳಿ ಹೊದ್ದು ನಡುಗುವ ಮಕ್ಕಳು. ಔಷಧ ಬೇಕೇ ಬೇಕು. ಆದರೆ ನಮ್ಮದು ರೇಷ್ಮೆಹುಳು ಮೇಯಿಸುವ ಊರು, ಜನ ಮಲಗುವ ಮನೆಯಲ್ಲೇ ಹುಳುವಿನ ತಟ್ಟೆಗಳೂ ಇರುತ್ತವೆ. ಹುಳುವಿಗೆ ಆ ವಾಸನೆ ಆಗದೆಂದು ಬೀಡಿ ಸೇದಿದವನನ್ನೇ ಹೊಸಿಲು ದಾಟಲು ಬಿಡದವರು ಸೊಳ್ಳೆ ಕೊಲ್ಲುವ ಮದ್ದನ್ನು ಒಳಗೆ ಬಿಡುತ್ತಾರೆಯೇ? ಪಟಪಟನೆ ಬಾಗಿಲುಗಳು ಮುಚ್ಚಿಕೊಂಡವು. ಹುಳುವಿಗೆ ಏನೂ ಆಗುವುದಿಲ್ಲ ಎಂದು ಮಲೇರಿಯಾ ಇನ್‌ಸ್ಪೆಕ್ಟರು ಬೀದಿಯಲ್ಲಿ ನಿಂತು ಕೂಗಿದರು. ಈಗ ಬೇಡವೆಂದರೆ ನಾವು ಚಿಂತಾಮಣಿ ಕಡೆಗೆ ಹೋಗುತ್ತೇವೆ, ಮತ್ತೆ ಯಾವಾಗ ಬರುತ್ತೇವೋ ಗೊತ್ತಿಲ್ಲ ಎಂದೂ ಹೆದರಿಸಿದರು. ಯಾರೂ ಜಗ್ಗಲಿಲ್ಲ. ದೊಡ್ಡಪ್ಪ ಏನಂತಾರೋ ನೋಡೋಣ ಎಂದು ಊರಿಗೆ ಊರೇ ಅವರ ಜಗಲಿಯ ಮುಂದೆ ಸೇರಿತು. ಅವರು ಏನೆನ್ನುತ್ತಾರೆ ಎಂದು ನನಗೆ ಗೊತ್ತಿಲ್ಲವೇ! ನಾನು ಸೈಕಲ್ಲು ತಿರುಗಿಸಿ ನಿಲ್ಲಿಸಿಕೊಂಡೆ.

"ಮೊದ್ಲು ನಮ್ಮನೆಗೆ ಹೊಡೀರಿ" ಎಂದರು ದೊಡ್ಡಪ್ಪ.

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅವರ ಮನೆಯ ಹುಳು ಇನ್ನು ಐದಾರು ದಿನದಲ್ಲಿ ಗೂಡು ಕಟ್ಟಬೇಕಿತ್ತು. ತಟ್ಟೆಗಳನ್ನಾದರೂ ಹೊರಗಿಡೋಣ ಎಂದು ನಾನು ಒಳಗೆ ನುಗ್ಗಿದರೆ ಕೈ ಅಡ್ಡ ಹಿಡಿದರು. "ಅಲ್ಲೇ ಇರ್ಲಿ ಬಿಡಪ್ಪ. ಏನೂ ಆಗಲ್ಲ ಅಂತಾರಲ್ಲ, ಆಗುತ್ತೋ ಇಲ್ವೋ ಅವ್ರೂ ನೋಡ್ಲಿ." ದೊಡ್ಡಮ್ಮ ಉಪ್ಪಿನಕಾಯಿ ಜಾಡಿ, ನೀರಿನ ಬಿಂದಿಗೆ ಹೊರಗೆ ತಂದಿಟ್ಟು, ಗೋಡೆಗೆ ಒರಗಿಸಿದ್ದ ಚಾಪೆಯನ್ನು ತಾವೇ ಸರಿಸಿಕೊಟ್ಟರು.

ಉಳಿದ ಮನೆಯವರು ಏನಾಗುತ್ತದೋ ನೋಡೋಣ ಎಂದು ಬಾಗಿಲು ತೆರೆಯದೆ ಕಾದರು. ಮಾರನೆಯ ದಿನ ಹುಳುಗಳು ತಲೆ ಎತ್ತಿ ತೂರಾಡಿದವು, ಸೊಪ್ಪು ಮುಟ್ಟಲಿಲ್ಲ. ಸಂಜೆಯ ಹೊತ್ತಿಗೆ ಒಂದೂ ಉಳಿಯಲಿಲ್ಲ. ದೊಡ್ಡಪ್ಪ ಆ ತಟ್ಟೆಗಳನ್ನು ಗಾಡಿಗೆ ಹೇರಿಸಿ ಬ್ಲಾಕ್ ಆಫೀಸಿನ ಮುಂದೆ ಸಾಲಾಗಿ ಇಳಿಸಿದರು. ಬಿ.ಡಿ.ಓ. ಸಾಹೇಬರು, ಇನ್‌ಸ್ಪೆಕ್ಟರು ಇಬ್ಬರೂ ಹೊರಗೆ ಬಂದು ನೋಡಿದರು. ಈ ಸಲ ಯಾರೂ ನಗಲಿಲ್ಲ. ಔಷಧ ನಿಲ್ಲಿಸಿ ಎನ್ನಲು ಬಂದಿದ್ದಾರೆಂದೇ ಎಲ್ಲರೂ ತಿಳಿದಿದ್ದರು. ದೊಡ್ಡಪ್ಪ ಹೇಳಿದ್ದು ಬೇರೆ. ಗೂಡು ಮಾರಾಟವಾಗಿ ತಟ್ಟೆ ಖಾಲಿಯಾದ ಮೇಲೆ ಬನ್ನಿ, ಹುಳು ಸಾಕುವ ಭಾಗ ಬಿಟ್ಟು ಜನ ಮಲಗುವ ಕಡೆ ಹೊಡೆಯಿರಿ, ಬಾಗಿಲು ತೆರೆಸುವುದು ನನ್ನ ಜವಾಬ್ದಾರಿ ಎಂದರು. ಸಾಹೇಬರು ಅಲ್ಲೇ ನಿಂತು ಒಪ್ಪಿದರು. ಆಮೇಲೆ ಸುತ್ತಲಿನ ಊರುಗಳಲ್ಲೆಲ್ಲ ಹಾಗೆಯೇ ನಡೆಯಿತು. ನಮ್ಮೂರಲ್ಲಿ ಒಂದು ಬಾಗಿಲೂ ಮುಚ್ಚಲಿಲ್ಲ.

ಆ ಕೆಲಸ ಮುಗಿದ ಸಂಜೆ ನಾನು ದೊಡ್ಡಪ್ಪನನ್ನು ಕಿಚಾಯಿಸಲು ಹೋದೆ. ಜೀವಮಾನದಲ್ಲಿ ಒಂದೇ ಒಂದು ಹೊಸ ವಸ್ತುವನ್ನು ಒಪ್ಪಿದಿರಿ, ಅದು ನಿಮ್ಮ ಹುಳುವನ್ನೇ ತಿಂದಿತು, ಇದರ ಮೇಲೆ ತಕರಾರು ಏನೂ ಇಲ್ಲವೇ ಎಂದೆ.

ಅವರು ನಡುಮನೆಯಲ್ಲಿ ಕೂತು ಮೂಲೆಯ ಗೋಡೆ ನೋಡುತ್ತಿದ್ದರು. ಔಷಧ ಒಣಗಿ ಅದರ ಮೇಲೆ ಬೆಳ್ಳಗೆ ಕಲೆ ನಿಂತಿತ್ತು. ಅವರಿಗೊಬ್ಬಳು ಮಗಳಿದ್ದಳು, ಪುಟ್ಟಿ. ನಾನು ಹುಟ್ಟುವ ಮೊದಲೇ ಚಳಿಜ್ವರದಲ್ಲಿ ಹೋಗಿದ್ದಳು. ನಮ್ಮ ಮನೆಗಳಲ್ಲಿ ಯಾರೂ ಅವಳ ಮಾತೆತ್ತುತ್ತಿರಲಿಲ್ಲ.

"ಆ ಮೂಲೇಲೇ ಪುಟ್ಟಿ ಮಲಗ್ತಾ ಇದ್ಲು" ಎಂದರು. "ತಡವಾಗಿ ತಂದ್ರು ಕಣಪ್ಪ. ಅದೊಂದೇ ನನ್ನ ತಕರಾರು" ಎಂದರು.

ದೊಡ್ಡಮ್ಮ ಒಳಗೆ ಒಲೆ ಊದುತ್ತಿದ್ದದ್ದು ನಿಂತಿತು. ನನಗೆ ಅಳು ತಡೆಯಲಾಗಲಿಲ್ಲ. ದೊಡ್ಡಪ್ಪ ಎದ್ದು, ಮಡಿಸಿಟ್ಟಿದ್ದ ಚಾಪೆಯನ್ನು ಆ ಮೂಲೆಗೆ ಒಯ್ದು ಹಾಸಿದರು.