ತುಕಾರಾಮನ ಆಕಳ ತೇಗು

ಅಮಾವಾಸ್ಯೆಯ ಬೆಳಿಗ್ಗೆ ದನದ ಡಾಕ್ಟರ್ ಗೌತಮ ಅರಕೇರಿಗೆ ಬಂದು, ಮೊಬೈಲಿನಷ್ಟು ದೊಡ್ಡ ಯಂತ್ರವೊಂದನ್ನು ಆಕಳ ಮೂತಿಗೆ ಹಿಡಿದದ್ದೇ ತುಕಾರಾಮನ ತಲೆ ಕೆಡಲು ಕಾರಣ.

"ಆಕಳ ತೇಗಿದ್ರ ಮೀಥೇನ್ ಗ್ಯಾಸ್ ಬರತೈತ್ರಿ. ಅದರಿಂದ ಭೂಮಿ ಹಂಚಿನಂಗ ಕಾಯತೈತಿ. ಲೀಟರ್ ಹಾಲಿಗೆ ಯಾರ ಆಕಳ ಕಡಿಮಿ ಗ್ಯಾಸ್ ಬಿಡತೈತಿ, ಅವರಿಗೆ ಮೇವು ಕತ್ತರಿಸೋ ಮಷಿನ್ ಬಹುಮಾನ. ಸಂಜೀಕ ಬಂದು ಅಳೀತೀನಿ. ಏನ ತಿನ್ನಸ್ತೀರಿ ಅನ್ನೋದರ ಮ್ಯಾಲ ಐತಿ ನೋಡ್ರಿ!"

ಇಪ್ಪತ್ತು ವರ್ಷ ಕುಡುಗೋಲಿನಿಂದ ಜೋಳದ ಕಣಿಕೆ ಕತ್ತರಿಸಿ ತುಕಾರಾಮನ ಸೊಂಟ ಬಿದ್ದುಹೋಗಿತ್ತು. ಮಷಿನ್ ಕಣ್ಣಿಗೆ ಕಟ್ಟಿತು. ಆದರೆ ಆಕಳು ತೇಗಿದರೆ ಭೂಮಿ ಏಕೆ ಕಾಯಬೇಕು? ಎಷ್ಟು ಯೋಚಿಸಿದರೂ ಹೊಳೆಯಲೊಲ್ಲದು. ಅವನಿಗೆ ಗೊತ್ತಿದ್ದದ್ದು ಒಂದೇ: ಐದು ಹೋಳಿಗೆ ತಿಂದರೆ ತನಗೂ ತೇಗು ಬರುತ್ತದೆ. ಹಾಗಾದರೆ ಆಕಳಿಗೆ ಇವತ್ತು ಬಯಲಿನ ಒಣ ಹುಲ್ಲು ಬಿಟ್ಟು ಒಂದು ತುತ್ತೂ ಇಲ್ಲ!

ಗ್ರಹಚಾರ ನೋಡಿ, ಅಮಾವಾಸ್ಯೆ ದಿನ ಆಕಳಿಗೆ ಒಂದು ತುತ್ತು ಹಾಕದೆ ಆ ಓಣಿಯಲ್ಲಿ ಯಾರೂ ಉಣ್ಣುವುದಿಲ್ಲ. ಮೊದಲು ಹೋಳಿಗೆ ಹಿಡಿದು ಬಂದವಳು ಪಕ್ಕದ ಮನೆಯ ಮಹಾನಂದಾ.

"ವೈನಿ, ಹೋಳಿಗಿ ಹಾಕಬ್ಯಾಡ್ರಿ! ಭೂಮಿ ಕಾಯತೈತಿ!"

"ಹೋಳಿಗಿ ಆರೇತಿ ತಗೋರಿ, ತುಕಾರಾಮಣ್ಣ!"

"ಹಂಗಲ್ರಿ... ಹೆಂಗ ಅಂದ್ರ..." ಹೆಂಗೆಂದು ಅವನಿಗಾದರೂ ಎಲ್ಲಿ ಗೊತ್ತಿತ್ತು? ಅವಳು ಮುಖ ತಿರುಗಿಸಿಕೊಂಡು ಹೋದಳು.

ಹತ್ತು ಗಂಟೆಗೆ, ತುಕಾರಾಮನ ಆಕಳಿಗೆ ಹೊಟ್ಟೆ ಕೆಟ್ಟಿದೆ ಎಂದು ಸುದ್ದಿಯಾಯಿತು. ಹನ್ನೊಂದಕ್ಕೆ, ಕೆಟ್ಟದ್ದು ಅವನ ತಲೆಯೇ ಎಂದಾಯಿತು. ರೊಟ್ಟಿ, ಕಡುಬು, ನೆನೆಸಿದ ಜೋಳ ಹಿಡಿದು ಬಂದವರನ್ನೆಲ್ಲ ಬಡಿಗೆ ಹಿಡಿದು ಅಟ್ಟಿದ. ಮಧ್ಯಾಹ್ನ ಹೆಂಡತಿ ಹೊಳೆವ್ವನೇ ಹೋಳಿಗೆಯ ಬುಟ್ಟಿ ಹೊತ್ತು ಬಯಲಿಗೆ ಬಂದಳು.

"ಆಕಳಿಗೆ ಎರಡ, ಉಳಿದದ್ದ ನಿಮಗ. ಮುಂಜಾನಿಂದ ಉಪಾಸ ಅದೀರಿ."

"ಬುಟ್ಟಿ ತಗೊಂಡ ನಡಿ ಬೇ! ಇದರ ವಾಸನಿಗೇ ಆಕಳ ತೇಗಿಬಿಟ್ಟೀತು!"

ಸಂಜೆ ಗೌತಮ ಯಂತ್ರ ಹಿಡಿದ. ಅದು ಕೀಕ್ ಕೀಕ್ ಎಂದು ಒದರತೊಡಗಿತು.

"ನಿಮ್ಮದ ಎಲ್ಲಾರಕಿಂತ ಹೆಚ್ಚರೀ. ಬರೇ ಒಣಾ ಹುಲ್ಲ ಮೇಯ್ದರ ಗ್ಯಾಸ್ ಹೆಚ್ಚು, ಹಾಲು ಕಡಿಮಿ. ಜತಿಗಿ ಒಂದಿಷ್ಟು ಕಾಳು-ಕಡಿ ಬಿದ್ದಿದ್ರ ಲೀಟರ್ ಲೆಕ್ಕದಾಗ ಇಳೀತಿತ್ತು. ಬಹುಮಾನ ಲಾಲಸಾಬರಿಗೆ!"

ಅದೇ ಓಣಿಯ ಲಾಲಸಾಬನ ಆಕಳೂ ಅದೇ ಬಯಲಲ್ಲಿ ಮೇಯ್ದಿತ್ತು. ತುಕಾರಾಮ ತಬ್ಬಿಬ್ಬಾದ. "ನೀ ಏನ ತಿನ್ನಿಸಿದ್ಯೋ ಮಾರಾಯಾ?"

"ನಾ ಏನೂ ಹಾಕಿಲ್ಲ ಯಪ್ಪಾ. ನೀ ಹೊಳ್ಳಿ ಕಳಿಸಿದ್ದನ್ನ ಮಂದಿ ನಮ್ಮ ಆಕಳಿಗೆ ಹಾಕಿ ಹೋದ್ರು."

ತುಕಾರಾಮ ಸೊಂಟ ಹಿಡಿದುಕೊಂಡು ಮನೆಗೆ ಬಂದು ಕುಸಿದು ಕೂತ. "ಹೋಳಿಗಿ ತಾ ಬೇ, ಜೀವಾ ಹೊಂಟೈತಿ."

"ಎಲ್ಲಿ ಹೋಳಿಗಿರಿ? ನೀವು ಬ್ಯಾಡಂದ್ರಿ. ದಾರ್ಯಾಗ ಲಾಲಸಾಬರ ಆಕಳ ಬಾಯಿ ಚಾಚ್ತು. ಬುಟ್ಟಿ ಪೂರಾ ಅದಕ್ಕ ಸುರುವಿ ಬಂದ್ನಿ."

ತುಕಾರಾಮ ಏನೋ ಹೇಳಲು ಬಾಯಿ ತೆರೆದ. ಖಾಲಿ ಹೊಟ್ಟೆಯಿಂದ ಉದ್ದನೆಯ ತೇಗೊಂದು ಬಂತು.

ಹೊಟ್ಟೆಗೆ ಕಾಳು-ಕಡಿ ಬೀಳದಿದ್ದರೆ ಗ್ಯಾಸ್ ಹೆಚ್ಚು ಎಂದು ಡಾಕ್ಟರು ಹೇಳಿದ್ದು ಅವನಿಗೆ ಆಗ ಅರ್ಥವಾಯಿತು.